ಬೀಡಿಯ ಬೇಸ್ ವಹಿ

ಖಾನಾಪುರ ತಾಲೂಕಿನ ಬೀಡಿ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವವನು ಸಂಗೊಳ್ಳಿ ರಾಯಣ್ಣ. 1830ರ ಜನವರಿಯಲ್ಲಿ ಅವನ ಬಂಟರು ಸುಟ್ಟದ್ದು ಬೀಡಿಯ ಕಚೇರಿಯನ್ನು. ಮರುವರ್ಷ ಅವನನ್ನು ಗಲ್ಲಿಗೇರಿಸಿದ ನಂದಗಡವೂ ಇದೇ ಸೀಮೆಯದು. ಇಂದಿನ ಖಾನಾಪುರ ತಾಲೂಕನ್ನು ಹಿಂದೆ ಬೀಡಿ ತಾಲೂಕು ಎಂದೇ ಕರೆಯುತ್ತಿದ್ದರು. ನನಗೆ ಮಾತ್ರ ಬೀಡಿಯ ಹೆಸರು ಕೇಳಿದರೆ ಬೇರೊಂದು ನೆನಪು ಬರುತ್ತದೆ. ಶಾಲೆಯ ಮಕ್ಕಳು ಲೆಕ್ಕ ಬರೆಯುವಂಥ ಒಂದು ವಹಿ, ಅದರ ತುಂಬ ಪೆನ್ಸಿಲ್ಲಿನಲ್ಲಿ ಬರೆದ ಅಂಕಿಗಳು. ಬಲಿಪಾಡ್ಯಕ್ಕೆ ಹೊಸ್ತಿಲಲ್ಲಿಟ್ಟ ಸಗಣಿಯ ಪಾಂಡವರು ಇನ್ನೂ ಒಣಗುತ್ತಿದ್ದ ದಿನಗಳವು, 2003ರ ಅಕ್ಟೋಬರ್ ಕೊನೆಯ ವಾರ. ಆ ವಾರ ನಡೆದದ್ದನ್ನು ಹೇಳುತ್ತೇನೆ, ಕೇಳಿ.

ಖನಿಜ ಶೋಧನೆಯ ಒಂದು ಸಣ್ಣ ತಂಡದಲ್ಲಿ ನಾನು ಆಗ ಕಿರಿಯವನು. ಬೀಡಿಯಿಂದ ಕಿತ್ತೂರಿನ ಕಡೆಗೆ ಹೋಗುವ ನೆಲದಲ್ಲಿ ನಮ್ಮ ಕೆಲಸ. ಪಡುವಣಕ್ಕೆ ಸಹ್ಯಾದ್ರಿಯ ಕಾಡು, ಮೂಡಣಕ್ಕೆ ಎರೆಯ ಬಯಲು, ನಡುವೆ ಈ ಅರೆಮಲೆನಾಡು. ಬೆಳಗಾವಿಯ ಕಡೆ ಹೋದಂತೆ ಡೆಕ್ಕನ್ ಟ್ರ್ಯಾಪ್‌ನ ಕರಿಗಲ್ಲು ನೆಲವನ್ನು ಮುಚ್ಚುತ್ತದೆ. ಇತ್ತ ತೆಂಕಣಕ್ಕೆ ಅದಕ್ಕಿಂತ ಬಹಳ ಹಳೆಯ, 250 ಕೋಟಿ ವರ್ಷಕ್ಕೂ ಹಿಂದಿನ ಪದರುಗಲ್ಲುಗಳಿವೆ. ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನು ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ ಸುತ್ತಿ 1876ರಲ್ಲಿ ದಕ್ಷಿಣ ಮಹಾರಾಷ್ಟ್ರ ಸೀಮೆಯ ಭೂವಿಜ್ಞಾನದ ಗ್ರಂಥ ಹೊರತಂದರು. ಮುಂದೆ ಆ ಹಳೆಯ ಕಲ್ಲುಗಳಿಗೆ ‘ಧಾರವಾಡ’ ಎಂಬ ಹೆಸರು ಅವರಿಂದಲೇ ಬಂತು. ಇವತ್ತು ಜಗತ್ತಿನ ಭೂವಿಜ್ಞಾನಿಗಳೆಲ್ಲ ಆ ಹೆಸರನ್ನು ಬಳಸುತ್ತಾರೆ.

ನಮಗಿದ್ದ ತೊಡಕು ಏನೆಂದರೆ ಆ ಕಲ್ಲು ಕಣ್ಣಿಗೆ ಕಾಣುವುದೇ ಇಲ್ಲ. ಮೇಲೆ ಭತ್ತದ ಗದ್ದೆ, ಅದರ ಕೆಳಗೆ ಜಂಬುಮಣ್ಣು. ಯಾರದೋ ಬಾವಿಯ ಗೋಡೆಯಲ್ಲಿ, ಹಳ್ಳದ ದಂಡೆಯಲ್ಲಿ ಅಷ್ಟಿಷ್ಟು ಇಣುಕಿದರೆ ಅದೇ ಪುಣ್ಯ. ಆದರೆ ಧಾರವಾಡ ಕಲ್ಲುಗಳ ನಡುವೆ ಕಬ್ಬಿಣದ ಪಟ್ಟೆಗಲ್ಲು ಇದ್ದರೆ, ಅದರಲ್ಲಿ ಮ್ಯಾಗ್ನೆಟೈಟ್ ಎಂಬ ಖನಿಜವಿದ್ದರೆ, ಅದು ಮಣ್ಣಿನ ಕೆಳಗಿದ್ದರೂ ಭೂಮಿಯ ಕಾಂತಕ್ಷೇತ್ರವನ್ನು ಅಷ್ಟಿಷ್ಟು ಕದಲಿಸುತ್ತದೆ. ಆ ಕದಲಿಕೆಯನ್ನು ಮೇಲೆ ನಿಂತು ಅಳೆಯಬಹುದು. ನಾವು ಹೋದದ್ದು ಅದಕ್ಕೆ.

ಅಳೆಯುವ ಯಂತ್ರ ಪ್ರೋಟಾನ್ ಮ್ಯಾಗ್ನೆಟೋಮೀಟರ್. ಊರವರ ಬಾಯಲ್ಲಿ ಅದು ‘ಡಬ್ಬಿ’. ಕೋಲಿನ ತುದಿಗೆ ಒಂದು ಸೀಸೆ, ಸೀಸೆಯ ತುಂಬ ಸೀಮೆಎಣ್ಣೆಯಂಥ ದ್ರವ, ಅದರ ಸುತ್ತ ತಂತಿಯ ಸುರುಳಿ. ಗುಂಡಿ ಒತ್ತಿದರೆ ಸುರುಳಿಯಲ್ಲಿ ವಿದ್ಯುತ್ ಹರಿದು ದ್ರವದೊಳಗಿನ ಪ್ರೋಟಾನುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ವಿದ್ಯುತ್ ನಿಂತ ಕ್ಷಣ ಅವು ಭೂಮಿಯ ಕಾಂತಕ್ಷೇತ್ರದ ಸುತ್ತ, ವಾಲಿದ ಬುಗುರಿ ತಿರುಗುವ ಹಾಗೆ ತಿರುಗತೊಡಗುತ್ತವೆ. ಕ್ಷೇತ್ರ ಬಲವಾದಷ್ಟೂ ತಿರುಗು ಬಿರುಸು. ಬೀಡಿಯಲ್ಲಿ ಕ್ಷೇತ್ರದ ಬಲ 41,000ದಿಂದ 42,000 ನ್ಯಾನೋಟೆಸ್ಲಾದ ನಡುವೆ; ಅಂದರೆ ಪ್ರೋಟಾನುಗಳು ಸೆಕೆಂಡಿಗೆ 1,700 ಚಿಲ್ಲರೆ ಸುತ್ತು ಹಾಕುತ್ತವೆ. ಯಂತ್ರ ಆ ಸುತ್ತುಗಳನ್ನು ಎಣಿಸಿ ಅಂಕಿಯೊಂದನ್ನು ತೋರಿಸುತ್ತದೆ. ಹತ್ತು ಮೀಟರಿಗೊಂದು ಗೂಟ, ಗೂಟಕ್ಕೊಂದು ಅಂಕಿ. ಹೀಗೆ ಗದ್ದೆಯ ಬದುಗಳನ್ನು ದಾಟುತ್ತ ತೆಂಕಿನಿಂದ ಬಡಗಿಗೆ ನಡೆಯುವುದೇ ದಿನದ ಕೆಲಸ.

ನಡೆಯುವವನ ಮೈಮೇಲೆ ಕಬ್ಬಿಣದ ಚೂರೂ ಇರಕೂಡದು. ಬೆಲ್ಟಿನ ಕೊಂಡಿ, ಕಿಸೆಯ ಕೀಲಿಕೈ, ಚಪ್ಪಲಿಯ ಮೊಳೆ ಎಲ್ಲವನ್ನೂ ಬಿಡಾರದಲ್ಲೇ ತೆಗೆದಿಟ್ಟು ಹೊರಡುತ್ತಿದ್ದೆವು. ಗದ್ದೆಯಲ್ಲಿ ಎತ್ತು ಎದುರಾದರೆ ಅದು ದೂರ ಹೋಗುವ ತನಕ ನಿಲ್ಲಬೇಕು, ಏಕೆಂದರೆ ಅದರ ಗೊರಸಿಗೆ ಲಾಳ ಹೊಡೆದಿರುತ್ತದೆ. ಪಂಪ್‌ಸೆಟ್ಟಿನ ಕೊಳವೆ, ಮುಳ್ಳುತಂತಿಯ ಬೇಲಿ, ವಿದ್ಯುತ್ ಕಂಬ, ಎಲ್ಲವನ್ನೂ ನಕಾಶೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಇಲ್ಲವಾದರೆ ಸಂಜೆ ಕಾಗದದ ಮೇಲೆ ಬೋರ್‌ವೆಲ್ಲಿನ ಕೇಸಿಂಗು ದೊಡ್ಡ ಗಣಿಯ ವೇಷ ಹಾಕಿ ಎದ್ದು ನಿಲ್ಲುತ್ತದೆ. ಅದರ ಗುರುತು ಹಿಡಿಯುವ ಬಗೆಯೂ ಉಂಟು: ಮೇಲಿರುವ ವಸ್ತುವಿನ ಗೆರೆ ಚೂಪಾಗಿ ಎದ್ದು ಎರಡು ಹೆಜ್ಜೆಯಲ್ಲಿ ಬಿದ್ದುಬಿಡುತ್ತದೆ, ಆಳದ ಕಲ್ಲಿನದು ಅಗಲವಾಗಿ, ನಿಧಾನವಾಗಿ ಏರಿಳಿಯುತ್ತದೆ. ಗೆರೆಯ ಅರ್ಧ ಎತ್ತರದಲ್ಲಿ ಅಗಲ ಅಳೆದರೆ ಕಲ್ಲು ಎಷ್ಟು ಆಳದಲ್ಲಿದೆ ಎಂಬುದರ ಅಂದಾಜು ಸಿಗುತ್ತದೆ.

ಈಗ ವಹಿಯ ವಿಷಯಕ್ಕೆ ಬರುತ್ತೇನೆ. ಭೂಮಿಯ ಕ್ಷೇತ್ರ ಒಂದೇ ಜಾಗದಲ್ಲಿ ದಿನವಿಡೀ ಒಂದೇ ಸಮ ಇರುವುದಿಲ್ಲ. ಬಿಸಿಲು ಮೇಲಿನ ವಾಯುಮಂಡಲವನ್ನು ಕಾಯಿಸಿ ಅಲ್ಲಿ ವಿದ್ಯುತ್ ಹರಿಯುವಂತೆ ಮಾಡುತ್ತದೆ. ಅದರಿಂದ ನಮ್ಮ ಕಡೆ ಬೆಳಗಿನಿಂದ ಅಂಕಿ ಏರುತ್ತ ಹೋಗಿ ನಡುಹಗಲಿನ ಸುಮಾರಿಗೆ ತುದಿ ಮುಟ್ಟಿ ಮತ್ತೆ ಇಳಿಯುತ್ತದೆ. ಸಾಧಾರಣ ದಿನ ಈ ಏರಿಳಿತ ಐವತ್ತು ನ್ಯಾನೋಟೆಸ್ಲಾದ ಆಸುಪಾಸು. ಸಾಲಿನ ಈ ತುದಿಯನ್ನು ಬೆಳಿಗ್ಗೆ, ಆ ತುದಿಯನ್ನು ಮಧ್ಯಾಹ್ನ ಅಳೆದರೆ ನೆಲದೊಳಗೆ ಏನೂ ಇಲ್ಲದಿದ್ದರೂ ಐವತ್ತು ಅಂಕಿಯ ಏರು ಕಂಡೇ ಕಾಣುತ್ತದೆ. ಅದಕ್ಕಾಗಿ ಎರಡನೆಯ ಯಂತ್ರವೊಂದನ್ನು ಒಂದೇ ಜಾಗದಲ್ಲಿ ನೆಟ್ಟು ಐದು ನಿಮಿಷಕ್ಕೊಮ್ಮೆ ಅಂಕಿ ಬರೆಯಬೇಕು. ಆ ಜಾಗವೇ ಬೇಸ್. ಸಂಜೆ ನಡೆದವನ ಅಂಕಿಯಿಂದ ಬೇಸಿನ ಏರಿಳಿತ ಕಳೆದರೆ ಉಳಿಯುವುದು ನೆಲದ ಮಾತು.

ಬೇಸಿನ ಜಾಗ ಹುಡುಕುವುದೂ ಒಂದು ವಿದ್ಯೆ. ಮುಂಬಯಿಯ ಕೊಲಾಬಾದಲ್ಲಿ 1841ರಿಂದ ಕಾಂತಕ್ಷೇತ್ರ ಅಳೆಯುತ್ತಿದ್ದ ವೀಕ್ಷಣಾಲಯ, ನಗರಕ್ಕೆ ವಿದ್ಯುತ್ ಟ್ರಾಮು ಬರುತ್ತದೆ ಎಂದಾಗ ಆ ಕೆಲಸವನ್ನು ಅಲಿಬಾಗಿಗೆ ಸಾಗಿಸಬೇಕಾಯಿತು. 1904ರಿಂದ ಅದು ಅಲ್ಲೇ ನಡೆದಿದೆ. ನಮ್ಮ ತಂಡದ ಹಿರಿಯರು ಬೀಡಿಯ ಹೊರಗೆ, ರಸ್ತೆ ಕಂಬ ಪಂಪು ಯಾವುದೂ ಹತ್ತಿರವಿಲ್ಲದ ಒಂದು ಮಾವಿನ ಮರದ ನೆರಳನ್ನು ಹುಡುಕಿದರು. ಗದಗ ಕಡೆಯವರು ಅವರು, ಮಾತು ಕಡಿಮೆ, ನಡಿಗೆ ಜಾಸ್ತಿ.

ಬೇಸ್ ಓದಲು ಊರಿನ ಒಬ್ಬ ಹುಡುಗಿ ಸಿಕ್ಕಳು. ಪಿಯುಸಿ ಮುಗಿಸಿ ಡಿ.ಎಡ್. ಸೀಟಿಗೆ ಕಾಯುತ್ತಿದ್ದಳು. ಮೊದಲ ದಿನ ಹಿರಿಯರು ಅವಳಿಗೆ, “ತಂಗಿ, ಕಬ್ಬಿಣದ್ದು ಏನೂ ಇರಬಾರದವಾ ಮೈಮ್ಯಾಲೆ” ಎಂದರು. ಅವಳು ತಲೆಯ ಪಿನ್ನು, ಸೆರಗಿನ ಪಿನ್ನು ತೆಗೆದು ಜಡೆಗೆ ದಾರ ಕಟ್ಟಿಕೊಂಡು ಬಂದಳು. ಗಾಜಿನ ಬಳೆ, ಬೆಳ್ಳಿಯ ಗೆಜ್ಜೆ ಇರಬಹುದೇ ಎಂದು ಕೇಳಿದಳು; ಇರಲಿ ಎಂದೆವು. ಕೊಡೆಗೆ ಕಬ್ಬಿಣದ ಕಡ್ಡಿ ಎಂದು ಕೊಡೆ ಬಿಟ್ಟಳು. ಕುರ್ಚಿ ಬೇಡವೆಂದು ಗೋಣಿಚೀಲ ಹಾಸಿಕೊಂಡಳು. ಕೈಗಡಿಯಾರವನ್ನು ನಾಲ್ಕಾರು ಹೆಜ್ಜೆ ಆಚೆಯ ಗಿಡಕ್ಕೆ ನೇತುಹಾಕಿ, ಎದ್ದು ಹೋಗಿ ಹೊತ್ತು ನೋಡಿ, ಬಂದು ಗುಂಡಿ ಒತ್ತುತ್ತಿದ್ದಳು. ಪ್ರತಿ ಸಲ ಮೂರು ಬಾರಿ ಒತ್ತಿ ಮೂರನ್ನೂ ಬರೆಯುತ್ತಿದ್ದಳು. ಎತ್ತು ಹಾದುಹೋದರೆ ಪಕ್ಕದಲ್ಲಿ ‘ಎತ್ತು’ ಎಂದು, ಸೈಕಲ್ ಹೋದರೆ ‘ಸೈಕಲ್’ ಎಂದು ಟಿಪ್ಪಣಿ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಕ್ಟೋಬರ್ 29, ಬುಧವಾರ. ಬೆಳಿಗ್ಗೆ ಎಲ್ಲ ಎಂದಿನಂತೆ ನಡೆದಿತ್ತು. ನಾನು ಸಾಲಿನಲ್ಲಿ ನಡೆಯುತ್ತಿದ್ದೆ. ಊಟಕ್ಕೆ ಮುಂಚೆ ಒಂದು ಕಡೆ ಅಂಕಿ ಸಟ್ಟನೆ ಮೇಲೆದ್ದಿತು. ಮತ್ತೆ ಒತ್ತಿದೆ, ಅದೇ ಬಂತು. ಬರೆದುಕೊಂಡು ಮುಂದೆ ಹೋದೆ. ಊಟವಾದ ಮೇಲೆ ಅಂಕಿ ಇಳಿಯತೊಡಗಿತು. ಗೂಟದಿಂದ ಗೂಟಕ್ಕೆ ಇಳಿಯುತ್ತ, ನಡುವೆ ತಟಕ್ಕನೆ ಏರಿ ಮತ್ತೆ ಇಳಿಯುತ್ತ ನೂರಕ್ಕೂ ಹೆಚ್ಚು ಕೆಳಗೆ ಹೋಯಿತು. ನನ್ನ ಜೊತೆ ಹಗ್ಗ ಹಿಡಿದಿದ್ದ ಮಿತ್ರರ ಮುಖ ಅರಳಿತು. ಇಷ್ಟು ದೊಡ್ಡ ತಗ್ಗು ಈ ಹೊಲದಲ್ಲಿ ಎಲ್ಲೂ ಕಂಡಿರಲಿಲ್ಲ. “ಇಲ್ಲೇ ಐತಿ ನೋಡ್ರಿ” ಎಂದು ಅವರು ಗೂಟಕ್ಕೆ ಕೆಂಪು ದಾರ ಕಟ್ಟಿದರು.

ಹೊಲದ ಯಜಮಾನರು ಬದುವಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಕೆಂಪು ದಾರ ಕಂಡದ್ದೇ ಎದ್ದು ಬಂದು, “ಸಾಹೇಬ್ರ, ಬಂಗಾರ ಹತ್ತೇತೇನ್ರಿ? ಹೊಲ ಹೋಗತೈತೇನ್ರಿ?” ಎಂದರು. ಎರಡು ಪ್ರಶ್ನೆ ಒಂದೇ ಉಸಿರಿನಲ್ಲಿ. ಬಂಗಾರದ ಮಾತು ಆ ಕಡೆ ಹೊಸತಲ್ಲ. ಬೆಳವಡಿ, ಬೈಲಹೊಂಗಲ, ಮುರಗೋಡದ ಕಡೆ ಹಿಂದೆ ಚೂರುಪಾರು ಬಂಗಾರ ಸಿಗುತ್ತಿತ್ತೆಂದು ಹಳೆಯ ಗ್ಯಾಜೆಟಿಯರು ಬರೆದಿದೆ. ನಮ್ಮ ಹಿರಿಯರ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಬಂಗಾರ ತೆಗೆಯುತ್ತಿದ್ದರು. ಆದರೆ ಆ ರೈತನ ದನಿಯಲ್ಲಿ ಆಸೆಗಿಂತ ಅಂಜಿಕೆಯೇ ಹೆಚ್ಚಿತ್ತು. ಒಂದು ಅಂಕಿಯ ಮೇಲೆ ಒಂದು ಮನೆತನ ರಾತ್ರಿ ನಿದ್ದೆಗೆಡಬಹುದು ಎಂಬುದು ನನಗೆ ಅವತ್ತು ಮನಸ್ಸಿಗೆ ನಾಟಿತು. ಈ ಕೆಲಸ ಮಾಡುವವರು ಅದನ್ನು ಮರೆಯಬಾರದು ಎಂದು ಇಂದಿಗೂ ಎಲ್ಲರಿಗೂ ಹೇಳುತ್ತೇನೆ.

ಸಂಜೆ ಬಿಡಾರದ ಅಂಗಳದಲ್ಲಿ ಬೆಂಕಿ ಹಾಕಿದೆವು. ದೀಪಾವಳಿ ಕಳೆದರೆ ಖಾನಾಪುರ ಸೀಮೆಯ ರಾತ್ರಿಗೆ ಚಳಿ ಹತ್ತುತ್ತದೆ. ಕರೆಂಟು ಹೋಗಿತ್ತು. ಕಂದೀಲಿನ ಬೆಳಕಿನಲ್ಲಿ ಹಿರಿಯರು ಗ್ರಾಫ್ ಹಾಳೆ ಹರವಿದರು. ಹುಡುಗಿ ತನ್ನ ಕಾಕಾನ ಜೊತೆ ವಹಿ ಕೊಡಲು ಬಂದಿದ್ದಳು. ವಹಿ ತೆರೆದ ಮಿತ್ರರು ಒಂದು ಕ್ಷಣ ನೋಡಿ, “ಇದ ಕೆಟ್ಟೈತಿ ಬಿಡ್ರಿ. ಬೇಸ್ ಡಬ್ಬಿ ಹತ್ರ ಟ್ರ್ಯಾಕ್ಟರ್ ಬಂದಿರಬೇಕ. ಇವತ್ತಿನ ಬೇಸ್ ಬ್ಯಾಡ, ನಿನ್ನಿದ ಹಚ್ಚೂಣು” ಎಂದರು. ವಹಿಯಲ್ಲಿ 11.40ರ ಅಂಕಿ ಎಂದಿನಂತಿತ್ತು. 11.45ರದ್ದು ಒಮ್ಮೆಲೇ ಮೇಲೆ ಹಾರಿತ್ತು. ಆಮೇಲೆ ಸಂಜೆಯವರೆಗೂ ನೆಲೆಯಿಲ್ಲದ ಏರಿಳಿತ, ಒಟ್ಟಿನಲ್ಲಿ ಇಳಿತ.

ಹುಡುಗಿ ತಲೆ ತಗ್ಗಿಸಲಿಲ್ಲ. “ಟ್ರ್ಯಾಕ್ಟರ್ ಬಂದಿದ್ರ ಬರೀತಿದ್ದೇನ್ರಿ ಸರ್ರ. ಎತ್ತ ಬಂದ್ರ ಐದಾರು ಏರತೈತಿ, ಹೋದ ಮ್ಯಾಲೆ ತಿರುಗಿ ಇಳೀತೈತಿ. ಇದ ಹೋಗಲೇ ಇಲ್ಲರಿ. ಮೂರ್ಮೂರು ಸಲ ಒತ್ತೇನಿ. ಬಂದದ್ದ ಬರದೇನಿ, ಬ್ಯಾರೆ ಹೆಂಗ ಬರೀಲ್ರಿ?”

ಹಿರಿಯರು ಅವಳ ವಹಿಯನ್ನು ನನ್ನ ವಹಿಯ ಪಕ್ಕದಲ್ಲಿಟ್ಟರು. ನಮಗೊಂದು ಕಟ್ಟುಪಾಡಿತ್ತು: ಬೆಳಿಗ್ಗೆ ಮೊದಲು ಅಳೆದ ಗೂಟವನ್ನು ಊಟದ ನಂತರ ಒಮ್ಮೆ, ಸಂಜೆ ಒಮ್ಮೆ ಮತ್ತೆ ಅಳೆಯಬೇಕು. ಅವರು ಮೂರೂ ಹೊತ್ತಿನ ನನ್ನ ಅಂಕಿಗಳನ್ನು ಬರೆದರು, ಅವೇ ಹೊತ್ತಿನ ಬೇಸಿನ ಅಂಕಿಗಳನ್ನು ಕೆಳಗೆ ಬರೆದರು. ಒಂದೇ ಗೂಟದಲ್ಲಿ ನನ್ನ ಯಂತ್ರ ಎಷ್ಟು ಇಳಿದಿತ್ತೋ ಮಾವಿನ ಮರದ ಕೆಳಗೆ ಅವಳ ಯಂತ್ರವೂ ಅಷ್ಟೇ ಇಳಿದಿತ್ತು. ಎರಡರ ನಡುವೆ ಅರ್ಧ ಕಿಲೋಮೀಟರಿನಷ್ಟು ಗದ್ದೆ. “ಎರಡೂ ಡಬ್ಬಿ ಒಂದ ಮಾತ ಹೇಳಾಕತ್ತಾವ” ಎಂದರು ಹಿರಿಯರು. “ಟ್ರ್ಯಾಕ್ಟರ್ ಆಗಿದ್ರ ಒಂದ ಡಬ್ಬಿಗೆ ತಟ್ಟತಿತ್ತು. ಕಲ್ಲು ಆಗಿದ್ರ ನಡಿಯೋ ಡಬ್ಬಿಗೆ ಅಷ್ಟ ಕಾಣತಿತ್ತು. ಇದ ಮ್ಯಾಲಿಂದ ಬಂದೈತಿ. ತಂಗಿ ಬರದದ್ದು ಖರೆ ಐತಿ.” ಹಾಗೆಂದು ಅವಳ ಅಂಕಿಗಳನ್ನು ನನ್ನ ಅಂಕಿಗಳಿಂದ ಒಂದೊಂದಾಗಿ ಕಳೆಯುತ್ತ ಹೋದರು. ಮಿತ್ರರು ಕೆಂಪು ದಾರ ಕಟ್ಟಿದ್ದ ತಗ್ಗು ಹಾಳೆಯ ಮೇಲಿಂದ ಕರಗಿ ಹೋಯಿತು. ಅಲ್ಲಿ ಉಳಿದದ್ದು ಸಪಾಟಾದ ಗೆರೆ.

ಆ ರಾತ್ರಿ ಬೆಂಕಿಯ ಮುಂದೆ ಹಿರಿಯರಿಗೆ ಮಾತು ಬಂತು. ಸೂರ್ಯನಿಂದ ಬರುವ ಕಾಂತ ಬಿರುಗಾಳಿಯ ಬಗ್ಗೆ ಹೇಳಿದರು. 1859ರ ಸೆಪ್ಟೆಂಬರಿನಲ್ಲಿ ಬಂದ ಮಹಾ ಬಿರುಗಾಳಿ ಕೊಲಾಬಾದ ವಹಿಯಲ್ಲಿ ದಾಖಲಾಗಿದೆ. ಭೂಮಧ್ಯರೇಖೆಯ ಸನಿಹದ ನಾಡುಗಳಲ್ಲಿ ಅದನ್ನು ಅಳೆದ ಬೆಲೆಯುಳ್ಳ ದಾಖಲೆಗಳಲ್ಲಿ ಅದೂ ಒಂದು. ಅಲ್ಲಿ ಕ್ಷೇತ್ರ ಸುಮಾರು 1,600 ನ್ಯಾನೋಟೆಸ್ಲಾ ಕುಸಿದಿತ್ತು. ಅದನ್ನು ಬರೆದವರೂ ಹೀಗೆಯೇ ಒಂದು ಜಾಗದಲ್ಲಿ ಕೂತು, ಹೊತ್ತು ಹೊತ್ತಿಗೆ ಕಂಡದ್ದನ್ನು ಕಂಡಂತೆ ಬರೆದವರು. ಅಲ್ಲಿಂದ ಮಾತು ಡೆಕ್ಕನ್ ಟ್ರ್ಯಾಪಿಗೆ ಹೋಯಿತು. ಆ ಕರಿಗಲ್ಲು ಲಾವಾ ಆರಿ ಆದದ್ದು; ಲಾವಾ ಆರುವಾಗ ಆ ಹೊತ್ತಿನ ಭೂಮಿಯ ಕ್ಷೇತ್ರವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಕ್ಲೆಗ್, ಡ್ಯೂಷ್, ಗ್ರಿಫಿತ್ಸ್ ಎಂಬ ಮೂವರು ಆ ಕಲ್ಲುಗಳನ್ನು ಅಳೆದು, ಅವು ಹುಟ್ಟಿದಾಗ ಭಾರತ ಭೂಮಧ್ಯರೇಖೆಯ ತೆಂಕಣಕ್ಕಿತ್ತು ಎಂದು 1956ರಲ್ಲಿ ಪ್ರಕಟಿಸಿದರು. ಖಂಡಗಳು ಸರಿಯುತ್ತವೆ ಎಂದರೆ ಬಹಳ ವಿಜ್ಞಾನಿಗಳು ನಂಬದಿದ್ದ ಕಾಲವದು. “ಬೆಳಗಾವಿ ಕಡೆ ಕರಿಗಲ್ಲಿನ ಮ್ಯಾಲೆ ಸರ್ವೆ ಮಾಡಿದ್ರ ಇದ ನೆನಪ ಇಡ್ರಿ. ಆ ಕಲ್ಲಿಗೆ ಹಳೇ ನೆನಪ ಐತಿ, ಭಾಳಷ್ಟ ಕಡೆ ಇವತ್ತಿನ ಕ್ಷೇತ್ರಕ್ಕ ತಿರುಗಾಮುರುಗಾ ಐತಿ” ಎಂದರು.

ಎರಡು ದಿನದಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ಅಕ್ಟೋಬರ್ 28ರಂದು, ನಮ್ಮ ಹೊತ್ತಿನಲ್ಲಿ ಸಂಜೆ ಐದಕ್ಕೆ ಮುಂಚೆ, ಸೂರ್ಯನಲ್ಲಿ ಭಾರಿ ಜ್ವಾಲೆಯೊಂದು ಎದ್ದಿತ್ತು. ಅದರೊಂದಿಗೆ ಹೊರಬಿದ್ದ ಮೋಡ ಸೆಕೆಂಡಿಗೆ ಎರಡು ಸಾವಿರ ಕಿಲೋಮೀಟರಿನ ಸುಮಾರು ವೇಗದಲ್ಲಿ ಬಂದು ಹತ್ತೊಂಬತ್ತು ತಾಸಿನಲ್ಲಿ ಭೂಮಿಗೆ ಬಡಿದಿತ್ತು. ಮರುದಿನವೇ ಇನ್ನೊಂದು. ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಸುಮಾರು ಒಂದು ತಾಸು ಕರೆಂಟು ಹೋಯಿತು. ಧ್ರುವದ ಬೆಳಕು ಅಮೆರಿಕದ ಫ್ಲೋರಿಡಾದಲ್ಲಿಯೂ ಕಂಡಿತು. ಮುಂದೆ ಜಗತ್ತಿನ ವೀಕ್ಷಣಾಲಯಗಳ ಪಟ್ಟಿ ಕೈಗೆ ಸಿಕ್ಕಾಗ ನೋಡಿದೆ: ಬಿರುಗಾಳಿಯ ಮೊದಲ ಹೊಡೆತ ಗ್ರೀನಿಚ್ ಹೊತ್ತಿನ 6.11ಕ್ಕೆ. ಅದಕ್ಕೆ ಐದೂವರೆ ತಾಸು ಕೂಡಿಸಿದರೆ ನಮ್ಮ 11.41. ಗಿಡಕ್ಕೆ ನೇತುಹಾಕಿದ ಗಡಿಯಾರ ನೋಡಿ ಬರೆದ ವಹಿಯಲ್ಲಿ ಅದು 11.40ರ ಸಾಲಿಗೂ 11.45ರ ಸಾಲಿಗೂ ನಡುವೆ ಬಿದ್ದಿತ್ತು. ಇದನ್ನು ಅವಳ ಊರಿನ ಎಸ್‌ಟಿಡಿ ಬೂತಿಗೆ ಫೋನು ಮಾಡಿ ತಿಳಿಸಿದೆ. “ಒಂದ ನಿಮಿಷ ತಡದು ಒತ್ತಿದ್ರ ಕೈಗೇ ಸಿಗತಿತ್ತಲ್ರಿ ಸರ್ರ” ಎಂದಳು.

ಬಿರುಗಾಳಿ ಇಳಿಯುವ ತನಕ ಸಾಲು ನಡೆಯುವುದನ್ನು ಹಿರಿಯರು ನಿಲ್ಲಿಸಿದರು. ಬೇಸ್ ಮಾತ್ರ ನಿಲ್ಲಿಸಲಿಲ್ಲ. ಕ್ಷೇತ್ರ ಶಾಂತವಾದ ಮೇಲೆ ಆ ಬುಧವಾರದ ಸಾಲುಗಳನ್ನು ಪೂರ್ತಿ ಮತ್ತೆ ಅಳೆದೆವು. ಕಳೆಯುವ ಲೆಕ್ಕ ಸರಿಯಾಗಿದ್ದರೂ ಐದು ನಿಮಿಷಗಳ ನಡುವೆ ಬಿರುಗಾಳಿ ಏನೇನು ಆಡಿತ್ತೋ ಹೇಳಲಾಗದು. ಅಂಥ ದಿನದ ಅಂಕಿಯ ಮೇಲೆ ನಕಾಶೆ ಕಟ್ಟಬಾರದು. ಹೊಸ ಅಳತೆಯಲ್ಲಿಯೂ ಆ ಗೂಟದ ಹತ್ತಿರ ಏನೂ ಇರಲಿಲ್ಲ. ಹಿರಿಯರು ತಾವೇ ಹೋಗಿ ಯಜಮಾನರ ಎದುರಿಗೇ ಕೆಂಪು ದಾರ ಬಿಚ್ಚಿದರು.

ಆದರೆ ಅಲ್ಲಿಂದ ಬಡಗಣಕ್ಕೆ ಒಂದು ಅಗಲವಾದ ತಗ್ಗು ಸಾಲಿನಿಂದ ಸಾಲಿಗೆ ಮುಂದುವರಿಯುತ್ತಿತ್ತು. ತಗ್ಗಿನ ತೆಂಕಣ ಮಗ್ಗುಲಿಗೆ ಒಂದು ಸಣ್ಣ ಉಬ್ಬು. ಎರಡರ ಅಂತರ ಮುನ್ನೂರು ನ್ಯಾನೋಟೆಸ್ಲಾದಷ್ಟು. ಇಲ್ಲಿ ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಹುಡುಗರು ಎಡವುವ ಜಾಗ ಇದೇ. ಯುರೋಪು, ಕೆನಡಾಗಳಲ್ಲಿ ಭೂಮಿಯ ಕ್ಷೇತ್ರ ಬಹುಮಟ್ಟಿಗೆ ನೆಟ್ಟಗೆ ನೆಲದೊಳಗೆ ಇಳಿಯುತ್ತದೆ. ಅಲ್ಲಿ ಮ್ಯಾಗ್ನೆಟೈಟ್ ಇರುವ ಕಲ್ಲಿನ ಮೇಲೆ ಅಂಕಿ ಏರುತ್ತದೆ, ಪುಸ್ತಕಗಳ ಚಿತ್ರಗಳೂ ಹಾಗೆಯೇ ಇರುತ್ತವೆ. ಬೀಡಿಯಲ್ಲಿ ಕ್ಷೇತ್ರ ನೆಲಕ್ಕೆ ಇಪ್ಪತ್ತು ಡಿಗ್ರಿಯಷ್ಟೇ ಬಾಗಿದೆ, ಹೆಚ್ಚುಕಡಿಮೆ ಅಡ್ಡಲಾಗಿ ಬಡಗಣಕ್ಕೆ ಹರಿಯುತ್ತದೆ. ಪೂರ್ವ-ಪಶ್ಚಿಮವಾಗಿ ಹಾಸಿದ ಕಲ್ಲಿದ್ದರೆ ಅದರ ಮೇಲೆ ಅಂಕಿ ಇಳಿಯುತ್ತದೆ, ಏರು ಬರುವುದು ತೆಂಕಣಕ್ಕೆ. ಉಬ್ಬನ್ನು ನಂಬಿ ಅಗೆದರೆ ಕಲ್ಲು ತಪ್ಪುತ್ತದೆ. ನಮ್ಮ ನೆಲದಲ್ಲಿ ತಗ್ಗನ್ನು ಓದಲು ಕಲಿಯಬೇಕು.

ಪಡುವಣದ ಸಾಲುಗಳಿಗೆ ಬಂದಾಗ ಆ ತಗ್ಗೂ ಮಸುಕಾಯಿತು. ಮುನ್ನೂರು ಇದ್ದದ್ದು ಅರವತ್ತಕ್ಕೆ ಇಳಿಯಿತು. ಮಿತ್ರರಿಗೆ ಮತ್ತೆ ಹುರುಪು ಬಂತು, ಅದಕ್ಕೆ ಕಾರಣವೂ ಇತ್ತು. ಪಟ್ಟೆಗಲ್ಲಿನೊಳಗೆ ಗಂಧಕ ಹೊತ್ತ ಬಿಸಿನೀರು ಹರಿದರೆ ಮ್ಯಾಗ್ನೆಟೈಟ್ ಪೈರೈಟ್ ಆಗಿ ಕಾಂತಗುಣ ಸಾಯುತ್ತದೆ, ಅದೇ ನೀರು ಬಂಗಾರವನ್ನೂ ತಂದಿಡಬಹುದು. ಹಾವೇರಿ ಜಿಲ್ಲೆಯ ಗಣಜೂರಿನ ಬಂಗಾರ ಅಂಥ ಕಬ್ಬಿಣದ ಪಟ್ಟೆಗಲ್ಲಿನಲ್ಲಿಯೇ, ಪೈರೈಟಿನ ಜೊತೆಗಿದೆ. ಹೀಗಾಗಿ ಗೆರೆ ಸತ್ತ ಜಾಗವನ್ನು ಬಂಗಾರ ಹುಡುಕುವವರು ಬಿಡುವುದಿಲ್ಲ. ಹಿರಿಯರು ಒಪ್ಪಿದರು, ಆದರೆ ಮೊದಲು ಇನ್ನೊಂದನ್ನು ನೋಡಬೇಕು ಎಂದರು. ಧಾರವಾಡ ಕಲ್ಲುಗಳ ಸಹಜ ಹಾಸು ಬಡಗು-ವಾಯವ್ಯ. ನಾವು ಹಿಡಿದಿದ್ದ ಪೂರ್ವ-ಪಶ್ಚಿಮದ ಭಾಗ ಒಂದು ಮಡಿಕೆಯ ತಿರುವು ಇದ್ದೀತು. ತಿರುವು ಮುಗಿದು ಕಲ್ಲು ಬಡಗಣಕ್ಕೆ ಹೊರಳಿದರೆ ಅದು ಕ್ಷೇತ್ರದ ದಿಕ್ಕಿಗೆ ಹೆಚ್ಚುಕಡಿಮೆ ಸಮನಾಗಿ ಮಲಗುತ್ತದೆ, ಆಗ ಕ್ಷೇತ್ರ ಅದನ್ನು ಬಲವಾಗಿ ಹಿಡಿಯಲಾರದು. ಅವರು ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದರು: ಅದೇ ಕಲ್ಲು, ಅದೇ ಆಳ, ಹಾಸು ಮಾತ್ರ ಬಡಗಣದಿಂದ ಇಪ್ಪತ್ತು ಡಿಗ್ರಿ ಪಡುವಣಕ್ಕೆ. ಅಂಕಿ ಐದರಲ್ಲಿ ಒಂದು ಪಾಲಿಗೆ ಬರುತ್ತದೆ. ಮುನ್ನೂರರಲ್ಲಿ ಐದನೆಯ ಒಂದು ಪಾಲು ಎಂದರೆ ಅರವತ್ತು. ಆಕಾರವೂ ಬದಲಾಗಿ ಏರು ಮತ್ತು ತಗ್ಗು ಸಮಸಮವಾಗಬೇಕು. ನಮ್ಮ ಗೆರೆಗಳಲ್ಲಿ ಹಾಗೆಯೇ ಇತ್ತು.

ಅರವತ್ತು ಅಂಕಿಯ ಆ ಗೆರೆ ನಮಗೆ ಕಂಡದ್ದೇ ಬೇಸ್ ವಹಿಯಿಂದ. ಸಾಧಾರಣ ದಿನದ ಬಿಸಿಲಿನ ಏರಿಳಿತವೇ ಐವತ್ತು ಇರುವಾಗ, ಅದನ್ನು ಚೊಕ್ಕವಾಗಿ ಕಳೆಯದೆ ಅರವತ್ತನ್ನು ನಂಬುವುದು ಹೇಗೆ? ಕಳೆದ ಮೇಲೆ ಮೂರು ನಾಲ್ಕು ಸಾಲುಗಳಲ್ಲಿ ಒಂದೇ ಆಕಾರ ಒಂದರ ಪಕ್ಕ ಒಂದು ನಿಂತಿತು. ಈಗ ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದರೆ ಧ್ರುವಕ್ಕೆ ಕೊಂಡೊಯ್ದಂತೆ ನಕಾಶೆಯನ್ನು ತಿದ್ದಿ ಕೊಡುವ ತಂತ್ರಾಂಶಗಳಿವೆ. ನಮ್ಮಂಥ ಕಡಿಮೆ ಬಾಗಿನ ಸೀಮೆಯಲ್ಲಿ ಆ ಲೆಕ್ಕ ಹದ ತಪ್ಪಿ ನಕಾಶೆಯ ತುಂಬ ತೆಂಕು-ಬಡಗಿನ ಸುಳ್ಳು ಪಟ್ಟೆಗಳನ್ನು ಎಬ್ಬಿಸುವುದುಂಟು. ಕಿರಿಯರಿಗೆ ನಾನು ಈಗಲೂ ಹೇಳುವುದು, ಮೊದಲು ಕಚ್ಚಾ ಗೆರೆಗಳನ್ನು ಒಂದೊಂದಾಗಿ ಎದುರಿಗಿಟ್ಟು ಕೂರಿ ಎಂದು.

ಸುಗ್ಗಿ ಮುಗಿದ ಮೇಲೆ ಆ ಮಸುಕು ಗೆರೆಯ ಮೇಲೆಯೇ ಅಡ್ಡಲಾಗಿ ಕಂದಕ ತೋಡಿದೆವು. ಬೇಕಾದ ಜಾಗವೂ ಅದೇ ಯಜಮಾನರ ಹೊಲದ ಮೂಲೆಯಲ್ಲಿತ್ತು. ಅವರು ಒಪ್ಪಿಗೆ ಕೊಡುವಾಗ ಒಂದು ಕರಾರು ಹಾಕಿದರು: “ಮ್ಯಾಲಿನ ಮಣ್ಣು ಒಂದ ಕಡೆ ಹಾಕ್ರಿ, ತಳದ ಮಣ್ಣು ಒಂದ ಕಡೆ ಹಾಕ್ರಿ. ಮುಚ್ಚೂ ಮುಂದ ಮ್ಯಾಲಿಂದು ಮ್ಯಾಲೇ ಬರಬೇಕ.” ಹಿರಿಯರು ಅದನ್ನು ಕೆಲಸದ ಆಳುಗಳಿಗೆ ತಾವೇ ನಿಂತು ಹೇಳಿದರು. ಕಂದಕದ ತಳದಲ್ಲಿ, ಜಂಬುಮಣ್ಣು ಮುಗಿದ ಕೂಡಲೇ ಕಲ್ಲು ಸಿಕ್ಕಿತು: ತೆಳುವಾದ ಕೆಂಪು ಪಟ್ಟೆ, ಕಪ್ಪು ಪಟ್ಟೆ, ಬೂದು ಪಟ್ಟೆ, ಒಂದರ ಮೇಲೊಂದು. ಹಾಸು ಬಡಗು-ವಾಯವ್ಯಕ್ಕಿತ್ತು. ಹುಡುಗಿಯೂ ನೋಡಲು ಬಂದಿದ್ದಳು. ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಹಿರಿಯರು ಅವಳ ಕೈಗೆ ಕೊಟ್ಟರು. ಕಪ್ಪು ಪಟ್ಟೆಯ ಹತ್ತಿರ ತಂದಾಗ ಅದು ಪಕ್ಕಕ್ಕೆ ಸೆಳೆದು ಕಚ್ಚಿಕೊಂಡಿತು. ಕಾಂತಗುಣ ಸತ್ತಿರಲಿಲ್ಲ, ಕಲ್ಲು ಹೊರಳಿತ್ತು.

ಮಾದರಿಗಳು ಪ್ರಯೋಗಾಲಯಕ್ಕೆ ಹೋದವು. ಪಟ್ಟೆಗಲ್ಲು ತೆಳು, ಕಬ್ಬಿಣದ ಅಂಶ ಕಡಿಮೆ, ಬಂಗಾರ ಇರಲಿಲ್ಲ. ಮುಂದಿನ ಕೆಲಸ ಬೇಡ ಎಂದು ಹಿರಿಯರು ವರದಿ ಬರೆದರು. ಅದಕ್ಕೆ ಮೂಲ ಅಂಕಿಗಳ ಜೊತೆ ಬೇಸ್ ವಹಿಯನ್ನೂ ಇಡಿಯಾಗಿ ಲಗತ್ತಿಸಿದರು. ಬಿರುಗಾಳಿಯ ದಿನಗಳ ಪುಟಗಳನ್ನು ತೆಗೆಯಲು ಬಿಡಲಿಲ್ಲ. ಹೊಲದ ಯಜಮಾನರಿಗೆ ಸುದ್ದಿ ಹೇಳಲು ನಾವಿಬ್ಬರೂ ಹೋದೆವು. “ಹೊಲ ನಿಮ್ಮದ ಉಳೀತ್ರಿ ಗೌಡ್ರ” ಎಂದರು ಹಿರಿಯರು. ಅವರು ನಮ್ಮನ್ನು ಕೂರಿಸಿ ಚಹಾ ಕೊಟ್ಟರು. ಆಮೇಲೆ ಕಂದಕ ಮುಚ್ಚಿದ ಜಾಗಕ್ಕೆ ಕರೆದೊಯ್ದು ಮಣ್ಣು ಒಂದು ಕಡೆ ಕುಸಿದಿದೆ ಎಂದು ತೋರಿಸಿದರು, ಮರುದಿನ ಇಬ್ಬರು ಆಳುಗಳನ್ನು ಕಳಿಸಿ ಅದನ್ನು ಸರಿಮಾಡಿಸಿದೆವು.